ಅವಧಿ ಮುಗಿದ ಕಾವಲು



ನಿಮ್ಮಲ್ಲಿ ಹಲವರ ಮನೆಯಲ್ಲಿ ಒಂದು ಗಣಕಯಂತ್ರವಿರುತ್ತದೆ. ಅದರ ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ಪುಟ್ಟದೊಂದು ಚೌಕ ಆಗಾಗ ಮೇಲೆದ್ದು, ಆಂಟಿವೈರಸ್ಸಿನ ಅವಧಿ ಮುಗಿದಿದೆ, ನವೀಕರಿಸಿಕೊಳ್ಳಿ ಎಂದು ಹೇಳುತ್ತದೆ. ಅಪ್ಪ ಅದನ್ನು ಮುಚ್ಚುತ್ತಾರೆ, ಅಕ್ಕ ಮುಚ್ಚುತ್ತಾಳೆ, ನೀವೂ ಮುಚ್ಚುತ್ತೀರಿ. ಮುಚ್ಚಿದ ಮೇಲೂ ಯಂತ್ರ ನಿನ್ನೆಯಂತೆಯೇ ನಡೆಯುತ್ತದೆ. ಹೀಗಾಗಿ ಇದು ದುಡ್ಡು ಕೇಳುವ ವ್ಯಾಪಾರಿಯ ಉಪಾಯವೆಂಬ ಭಾವನೆ ಬೆಳೆಯುವುದು ಸಹಜ. ಆ ಭಾವನೆಯಲ್ಲಿ ಸ್ವಲ್ಪ ಸತ್ಯವೂ ಇಲ್ಲದಿಲ್ಲ. ಸೈಕಲ್ಲಿಗಿಲ್ಲದ, ಮಿಕ್ಸಿಗಿಲ್ಲದ, ನಿಘಂಟಿಗಿಲ್ಲದ ಅವಧಿ ಈ ಒಂದು ಸರಕಿಗೆ ಮಾತ್ರ ಏಕೆ? ಅಂಗಡಿಯವನನ್ನು ಕೇಳಿದರೆ ಬೆಲೆ ಹೇಳುತ್ತಾನೆಯೇ ಹೊರತು ಕಾರಣ ಹೇಳುವುದಿಲ್ಲ. ಕಾರಣವಿರುವುದು ಸುಮಾರು ಐವತ್ತೈದು ವರ್ಷಗಳ ಒಂದು ಚರಿತ್ರೆಯಲ್ಲಿ. ಅದನ್ನು ಸ್ವಲ್ಪ ತಿರುವಿ ನೋಡೋಣ.

ಈ ಚರಿತ್ರೆ ಆರಂಭವಾಗುವುದು ದ್ವೇಷದಿಂದಲ್ಲ, ಕುತೂಹಲದಿಂದ. 1971ರಲ್ಲಿ ಅಮೆರಿಕದ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆಯಲ್ಲಿ ಬಾಬ್ ಥಾಮಸ್ ಎಂಬ ತಂತ್ರಜ್ಞರು 'ಕ್ರೀಪರ್' ಎಂಬ ಪ್ರೋಗ್ರಾಮನ್ನು ಬರೆದರು. ಇಂದಿನ ಇಂಟರ್ನೆಟ್ಟಿಗೆ ತಾಯಿಬೇರಾದ ಅರ್ಪಾನೆಟ್ ಜಾಲದಲ್ಲಿ ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ಸರಿಯುತ್ತ, ಕೈಲಾದರೆ ನನ್ನನ್ನು ಹಿಡಿಯಿರಿ ಎಂಬರ್ಥದ ಒಂದು ಸಾಲನ್ನು ಮುದ್ರಿಸುತ್ತಿತ್ತು. ಬೇರೇನೂ ಹಾನಿ ಮಾಡುತ್ತಿರಲಿಲ್ಲ. ಅದನ್ನು ಹಿಡಿದು ಅಳಿಸಲು ಅದೇ ಸಂಸ್ಥೆಯ ರೇ ಟಾಮ್ಲಿನ್ಸನ್ 'ರೀಪರ್' ಎಂಬ ಇನ್ನೊಂದು ಪ್ರೋಗ್ರಾಮನ್ನು ಬರೆದರು. ಇ-ಮೇಲ್ ವಿಳಾಸದ ನಡುವೆ ಬರುವ ಆ ಸುರುಳಿ ಚಿಹ್ನೆಯನ್ನು ಬಳಕೆಗೆ ತಂದವರೂ ಇವರೇ. ರೀಪರ್‌ಗೆ ಗೊತ್ತಿದ್ದುದು ಒಬ್ಬನೇ ಕಳ್ಳ. ಎರಡನೆಯವನು ಬಂದಿದ್ದರೆ ಅದು ಅವನಿಗೆ ದಾರಿ ಬಿಟ್ಟು ನಿಲ್ಲುತ್ತಿತ್ತು. ಮುಂದಿನ ಕಥೆಯೆಲ್ಲ ಈ ಒಂದು ಮಿತಿಯಿಂದಲೇ ಹುಟ್ಟಿತು.

1982ರಲ್ಲಿ ಪಿಟ್ಸ್‌ಬರ್ಗ್ ಬಳಿಯ ಹದಿನೈದು ವರ್ಷದ ಶಾಲಾ ಹುಡುಗ ರಿಚ್ ಸ್ಕ್ರೆಂಟಾ, ಆಪಲ್ ಯಂತ್ರದ ಫ್ಲಾಪಿಯಿಂದ ಫ್ಲಾಪಿಗೆ ಹರಡುವ 'ಎಲ್ಕ್ ಕ್ಲೋನರ್' ಬರೆದು ಗೆಳೆಯರನ್ನು ಕಾಡಿದ. ಸೋಂಕಿದ ಫ್ಲಾಪಿಯಿಂದ ಯಂತ್ರ ಐವತ್ತನೆಯ ಬಾರಿ ಚಾಲೂ ಆದಾಗ ಪರದೆಯ ಮೇಲೆ ಒಂದು ಹುಡುಗಾಟದ ಪದ್ಯ ಮೂಡುತ್ತಿತ್ತು. ನಿಮ್ಮ ವಯಸ್ಸಿನವನ ಕೆಲಸವಾದ್ದರಿಂದ ಹೇಳಿದೆ. ಇದಕ್ಕಿಂತ ಹೆಚ್ಚಿನ ಮಹತ್ವವನ್ನು ಅದಕ್ಕೆ ಕೊಡಬೇಕಿಲ್ಲ.

ಮಹತ್ವದ ವರ್ಷ 1983. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ ಫ್ರೆಡ್ ಕೋಹೆನ್, ತನ್ನನ್ನು ತಾನೇ ಬೇರೆ ಪ್ರೋಗ್ರಾಮುಗಳಿಗೆ ಅಂಟಿಸಿಕೊಳ್ಳುವ ಒಂದು ಪ್ರೋಗ್ರಾಮನ್ನು ಅನುಮತಿ ಪಡೆದು ಪ್ರಯೋಗಿಸಿ ನೋಡಿದರು. ಅದಕ್ಕೆ 'ವೈರಸ್' ಎಂಬ ಹೆಸರನ್ನು ಸೂಚಿಸಿದವರು ಅವರ ಅಧ್ಯಾಪಕ ಲೆನ್ ಏಡಲ್‌ಮನ್. ಐದು ಬಾರಿ ಪ್ರಯೋಗ ನಡೆಯಿತು. ಐದು ಬಾರಿಯೂ ಒಂದು ಗಂಟೆಯೊಳಗೆ ಇಡೀ ಯಂತ್ರದ ಯಜಮಾನಿಕೆ ವೈರಸ್ಸಿನ ಕೈಗೆ ಬಂದಿತ್ತು. ಫಲಿತಾಂಶ ಕಂಡ ಆಡಳಿತದವರು ಮುಂದಿನ ಪ್ರಯೋಗಗಳಿಗೆ ಅನುಮತಿ ಕೊಡಲಿಲ್ಲ!

ಕೋಹೆನ್ ಮಾಡಿದ ಇನ್ನೊಂದು ಕೆಲಸ ಇದಕ್ಕಿಂತ ದೊಡ್ಡದು. ಪರದೆಯ ಮೇಲಿನ ಮಾತುಕತೆಯಲ್ಲಿ ಇದಕ್ಕೆಲ್ಲ ವ್ಯವಧಾನವಿರುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾವ ಪ್ರೋಗ್ರಾಮನ್ನು ಮುಂದಿಟ್ಟರೂ ಇದು ವೈರಸ್, ಇದು ವೈರಸ್ ಅಲ್ಲ ಎಂದು ಎಂದೂ ತಪ್ಪದೆ ತೀರ್ಪು ಕೊಡುವ ಒಬ್ಬ ಪರೀಕ್ಷಕನಿದ್ದಾನೆ ಎಂದು ಭಾವಿಸಿ. ಈಗ ಒಬ್ಬ ಕಿಡಿಗೇಡಿ ಒಂದು ಪ್ರೋಗ್ರಾಮ್ ಬರೆಯುತ್ತಾನೆ. ಅದು ಮೊದಲು ಆ ಪರೀಕ್ಷಕನನ್ನೇ ಕರೆದು, 'ನನ್ನ ಬಗ್ಗೆ ನಿನ್ನ ಅಭಿಪ್ರಾಯವೇನು?' ಎಂದು ಕೇಳುತ್ತದೆ. 'ನೀನು ವೈರಸ್' ಎಂದರೆ ಸುಮ್ಮನೆ ಕುಳಿತುಬಿಡುತ್ತದೆ. 'ನೀನು ಸಾಧು' ಎಂದರೆ ತಕ್ಷಣ ಹರಡಲಾರಂಭಿಸುತ್ತದೆ. ಪರೀಕ್ಷಕ ಏನು ಹೇಳಿದರೂ ಅವನ ಮಾತು ಸುಳ್ಳಾಗುತ್ತದೆ. ಆದ್ದರಿಂದ ಅಂಥ ಪರೀಕ್ಷಕ ಇರಲು ಸಾಧ್ಯವಿಲ್ಲ. ಗಣಿತ ಓದುವವರಿಗೆ 1936ರಲ್ಲಿ ಅಲನ್ ಟ್ಯೂರಿಂಗ್ ಮಂಡಿಸಿದ ವಾದದ ನೆರಳು ಇಲ್ಲಿ ಕಾಣುತ್ತದೆ.

ಇದರ ಅರ್ಥವೇನು? ಒಮ್ಮೆ ಕೊಂಡು, ಜೀವಮಾನವೆಲ್ಲ ಎಲ್ಲ ವೈರಸ್ಸುಗಳನ್ನೂ ಹಿಡಿಯುವ ತಂತ್ರಾಂಶ ಇಂದಿಲ್ಲ. ನಾಳೆ ಯಾರೋ ಜಾಣರು ಹುಟ್ಟಿದರೂ ಬರಲಾರದು. ಆಂಟಿವೈರಸ್ ಹುಟ್ಟುವ ಮೊದಲೇ ಅದು ಅಪೂರ್ಣವೆಂದು ಗಣಿತ ಸಾರಿಬಿಟ್ಟಿತ್ತು.

ಹಾಗಾದರೆ ಮಾಡುವುದೇನು? ಪೊಲೀಸ್ ಠಾಣೆಯ ಗೋಡೆಯ ಮೇಲೆ ಕಳ್ಳರ ಭಾವಚಿತ್ರಗಳನ್ನು ಅಂಟಿಸಿರುತ್ತಾರಲ್ಲ, ಅದೇ ಉಪಾಯ. ಸಿಕ್ಕಿಬಿದ್ದ ಪ್ರತಿ ವೈರಸ್ಸಿನಿಂದಲೂ ಅದಕ್ಕೇ ವಿಶಿಷ್ಟವಾದ ಕೆಲವು ಅಕ್ಷರಗಳ ಸರಣಿಯನ್ನು ಗುರುತಾಗಿ ತೆಗೆದಿಟ್ಟುಕೊಂಡು, ಗಣಕದ ಕಡತಗಳಲ್ಲಿ ಆ ಗುರುತಿದೆಯೇ ಎಂದು ಹುಡುಕುವುದು. ಆಂಟಿವೈರಸ್ ಎಂದು ನಾವು ಕರೆಯುವುದರಲ್ಲಿ ಎರಡು ಭಾಗಗಳಿವೆ: ಹುಡುಕುವ ಯಂತ್ರ ಒಂದು, ಹುಡುಕಬೇಕಾದ ಗುರುತುಗಳ ಪಟ್ಟಿ ಇನ್ನೊಂದು. ಪಟ್ಟಿ ಹಳತಾದರೆ ಕಾವಲುಗಾರ ಕುರುಡನಾಗುತ್ತಾನೆ. ಅವಧಿ ಮುಗಿಯುವುದೆಂದರೆ ಸಾಮಾನ್ಯವಾಗಿ ಈ ಪಟ್ಟಿಗೆ ಹೊಸ ಹೆಸರು ಸೇರುವುದು ನಿಲ್ಲುವುದು. ಕಾವಲುಗಾರ ಬಾಗಿಲಲ್ಲಿ ನಿಂತೇ ಇರುತ್ತಾನೆ, ಕೈಯಲ್ಲಿ ಹೋದ ವರ್ಷದ ಭಾವಚಿತ್ರಗಳನ್ನು ಹಿಡಿದುಕೊಂಡು.

ಯುಗಾದಿಗೆ ಹೊಸ ಪಂಚಾಂಗ ತರುವ ಮನೆಯವರಿಗೆ ಈ ಮಾತು ಬೇಗ ಅರ್ಥವಾದೀತು. ಆದರೆ ಒಂದು ವ್ಯತ್ಯಾಸವಿದೆ. ಪಂಚಾಂಗ ಬರೆಯುವವರು ಮುಂದಿನ ವರ್ಷದ ಗ್ರಹಣವನ್ನು ಈಗಲೇ ಲೆಕ್ಕ ಹಾಕಿ ಹೇಳಬಲ್ಲರು. ವೈರಸ್ಸಿನ ಪಟ್ಟಿ ಬರೆಯುವವರಿಗೆ ನಾಳೆಯ ವಿಷಯ ಗೊತ್ತಿಲ್ಲ.

ಪಟ್ಟಿಯ ಅಗತ್ಯವನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ನೆರೆಯ ದೇಶದಲ್ಲಿ ಹುಟ್ಟಿದ ಒಂದು ವೈರಸ್. 1986ರಲ್ಲಿ ಲಾಹೋರ್‌ನ ಬಾಸಿತ್ ಫಾರೂಕ್ ಆಲ್ವಿ ಮತ್ತು ಅಮ್ಜದ್ ಫಾರೂಕ್ ಆಲ್ವಿ ಎಂಬ ಸಹೋದರರು 'ಬ್ರೈನ್' ಬರೆದರು. ವೈದ್ಯರಿಗಾಗಿ ತಾವು ತಯಾರಿಸಿದ್ದ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುವುದನ್ನು ತಡೆಯುವುದು ಉದ್ದೇಶವಾಗಿತ್ತೆಂದು ಅವರು ಮುಂದೆ ಹೇಳಿದರು. ವೈರಸ್ಸಿನೊಳಗೇ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲವನ್ನೂ ಬರೆದಿದ್ದರು! ಇಂದಿನ ಕುತಂತ್ರಾಂಶಗಳ ಕಾಲದಲ್ಲಿ ನಿಂತು ನೋಡಿದರೆ ಇದು ಬಹಳ ಮುಗ್ಧ ಕಾಲವೆನಿಸುತ್ತದೆ. ಬ್ರೈನ್ ಕುಳಿತುಕೊಳ್ಳುತ್ತಿದ್ದುದು ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಅಂದರೆ ಯಂತ್ರ ಚಾಲೂ ಆಗುವಾಗ ಮೊಟ್ಟಮೊದಲು ಓದುವ ಭಾಗದಲ್ಲಿ. ಯಾರಾದರೂ ಆ ಭಾಗವನ್ನು ತೆರೆದು ನೋಡಹೊರಟರೆ, ಮೊದಲೇ ನಕಲು ತೆಗೆದಿಟ್ಟಿದ್ದ ಶುದ್ಧ ರೂಪವನ್ನು ಅವರ ಮುಂದಿಟ್ಟು ತಾನು ಮರೆಯಾಗುತ್ತಿತ್ತು. ಫ್ಲಾಪಿಗಳು ಕೈಯಿಂದ ಕೈಗೆ ದಾಟಿದಂತೆ ಅದು ಖಂಡಗಳನ್ನೇ ದಾಟಿತು.

ಅಲ್ಲಿಂದ ಮುಂದೆ ಸಾಲುಸಾಲಾಗಿ ಬಂದವು. ಪರದೆಯ ಅಕ್ಷರಗಳನ್ನು ಎಲೆಯುದುರಿದಂತೆ ಕೆಳಕ್ಕುದುರಿಸುವ ಕ್ಯಾಸ್ಕೇಡ್ ಬಂತು. ಶುಕ್ರವಾರ ಹದಿಮೂರನೆಯ ತಾರೀಖು ಬಂದರೆ ಪ್ರೋಗ್ರಾಮುಗಳನ್ನು ಅಳಿಸುವ ಜೆರುಸಲೇಂ ಬಂತು. ಅವುಗಳ ಬೆನ್ನಿಗೇ ಕಾವಲಿನ ವ್ಯಾಪಾರವೂ ಹುಟ್ಟಿತು. ಜಾನ್ ಮ್ಯಾಕ್ಅಫಿಯವರ ಸಂಸ್ಥೆ 1987ರಲ್ಲಿ, ಇಂಗ್ಲೆಂಡಿನ ಡಾ. ಅಲನ್ ಸಾಲೊಮನ್ನರ ಟೂಲ್‌ಕಿಟ್ 1988ರಲ್ಲಿ, ನಾರ್ಟನ್ ಆಂಟಿವೈರಸ್ 1991ರಲ್ಲಿ.

ಆಗ ಅಪ್‌ಡೇಟ್ ಮಾಡುವುದೆಂದರೆ ಹೇಗಿತ್ತು ಗೊತ್ತೆ? 1989ರಲ್ಲಿ ಇಂಗ್ಲೆಂಡಿನಿಂದ 'ವೈರಸ್ ಬುಲೆಟಿನ್' ಎಂಬ ಪತ್ರಿಕೆ ಹೊರಡಲಾರಂಭಿಸಿತು. ಅದರ ಪುಟಗಳಲ್ಲಿ ಹೊಸ ವೈರಸ್ಸುಗಳ ಗುರುತುಗಳನ್ನು ಅಂಕಿ ಅಕ್ಷರಗಳ ಸಾಲುಗಳಾಗಿ ಅಚ್ಚು ಹಾಕುತ್ತಿದ್ದರು. ಓದುಗರು ಅವನ್ನು ಪತ್ರಿಕೆ ನೋಡಿಕೊಂಡು ತಮ್ಮ ಹುಡುಕುವ ಪ್ರೋಗ್ರಾಮಿಗೆ ಕೈಯಾರೆ ಟೈಪ್ ಮಾಡಿ ಸೇರಿಸಿಕೊಳ್ಳಬಹುದಾಗಿತ್ತು. ಒಂದಕ್ಷರ ತಪ್ಪಿದರೆ ಆ ಕಳ್ಳ ಪಾರು! ಅಷ್ಟು ತಾಳ್ಮೆಯಿಲ್ಲದವರಿಗೆ ಕಂಪನಿಗಳು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಹೊಸ ಫ್ಲಾಪಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದವು. ಮಾಸಪತ್ರಿಕೆಗೆ ಚಂದಾ ಕಟ್ಟಿದ ಹಾಗೆ ಇದಕ್ಕೂ ಚಂದಾ. ಇಂದು ನಿಮ್ಮ ಪರದೆಯ ಮೇಲೆ ಮೂಡುವ ಅವಧಿಯ ಎಚ್ಚರಿಕೆ ಆ ಚಂದಾ ವ್ಯವಸ್ಥೆಯ ಮುಂದುವರಿಕೆಯೇ. ತಿಂಗಳಿಗೊಮ್ಮೆ ಬಂದರೆ ಅಂದಿಗೆ ಸಾಕಾಗುತ್ತಿತ್ತು. ಏಕೆಂದರೆ ವೈರಸ್ ಕೂಡ ಫ್ಲಾಪಿಯ ಮೇಲೆಯೇ, ಮನುಷ್ಯನ ಜೇಬಿನಲ್ಲಿ, ಬಸ್ಸು ರೈಲುಗಳಲ್ಲಿ ಪ್ರಯಾಣ ಮಾಡಬೇಕಾಗಿತ್ತು. ಕಳ್ಳನೂ ಪೊಲೀಸನೂ ಒಂದೇ ವೇಗದ ಗಾಡಿಯಲ್ಲಿ ಓಡಾಡುತ್ತಿದ್ದ ಕಾಲ ಅದು.

ನಮ್ಮ ದೇಶವೂ ಇದರಿಂದ ಹೊರಗುಳಿಯಲಿಲ್ಲ. 1990ರಲ್ಲಿ ಇಲ್ಲಿ ಪತ್ತೆಯಾದ 'ಜೋಶಿ' ಎಂಬ ವೈರಸ್ ಪ್ರತಿ ಜನವರಿ 5ರಂದು ಗಣಕವನ್ನು ನಿಲ್ಲಿಸಿ, ಜೋಶಿಗೆ ಹುಟ್ಟುಹಬ್ಬದ ಶುಭಾಶಯವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುವಂತೆ ಕೇಳುತ್ತಿತ್ತು. ಮಾಡಿದರೆ ಯಂತ್ರ ಮುಂದಕ್ಕೆ ಹೋಗುತ್ತಿತ್ತು. ಪುಣೆಯಲ್ಲಿ ದುರಸ್ತಿಯ ಅಂಗಡಿ ಇಟ್ಟಿದ್ದ ಕೈಲಾಶ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್ ಕಾಟ್ಕರ್, ವೈರಸ್ ತಗುಲಿ ರಿಪೇರಿಗೆ ಬರುತ್ತಿದ್ದ ಯಂತ್ರಗಳಿಗೆ ಮದ್ದು ಹುಡುಕುತ್ತ ಹೋಗಿ, 1990ರ ದಶಕದ ನಡುಭಾಗದಲ್ಲಿ 'ಕ್ವಿಕ್ ಹೀಲ್' ಎಂಬ ತಂತ್ರಾಂಶವನ್ನು ಮಾರುಕಟ್ಟೆಗೆ ತಂದರು.

ವ್ಯಾಪಾರಿಯ ಮೇಲಿನ ಅನುಮಾನ ಅರ್ಧ ನಿಜವೆಂದೆನಲ್ಲ, ಅದಕ್ಕೂ ಒಂದು ತಾರೀಖಿದೆ: 1992ರ ಮಾರ್ಚ್ 6. ಚಿತ್ರಕಾರ ಮೈಕೆಲೇಂಜೆಲೋ ಹುಟ್ಟಿದ ಆ ದಿನ ಗಣಕಗಳ ಹಾರ್ಡ್ ಡಿಸ್ಕನ್ನು ಅಳಿಸುವ ವೈರಸ್ಸೊಂದಿದೆ, ಐವತ್ತು ಲಕ್ಷದವರೆಗೂ ಯಂತ್ರಗಳು ಹಾಳಾದಾವು ಎಂದು ಪತ್ರಿಕೆ, ಟೆಲಿವಿಷನ್‌ಗಳಲ್ಲಿ ದೊಡ್ಡ ಗದ್ದಲವಾಯಿತು. ಜನ ಮುಗಿಬಿದ್ದು ಆಂಟಿವೈರಸ್ ಕೊಂಡರು. ಆ ದಿನ ಹಾಳಾದುವೆಂದು ಅಂದಾಜಾದದ್ದು ಹತ್ತಿಪ್ಪತ್ತು ಸಾವಿರ. ಮುನ್ನೆಚ್ಚರಿಕೆಯಿಂದ ಉಳಿದವೆಷ್ಟು, ಮೊದಲ ಲೆಕ್ಕವೇ ಉಬ್ಬಿದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಭಯವನ್ನು ಮಾರುವವನೂ ಮದ್ದನ್ನು ಮಾರುವವನೂ ಒಬ್ಬನೇ ಆದಾಗ ಹುಟ್ಟುವ ಅನುಮಾನ ಅಂದಿನಿಂದ ಈ ವ್ಯಾಪಾರದ ಬೆನ್ನು ಬಿಟ್ಟಿಲ್ಲ.

ಇನ್ನೊಂದೆಡೆ ವೈರಸ್ ಬರೆಯುವವರೂ ಪಟ್ಟಿಯ ದೌರ್ಬಲ್ಯವನ್ನು ಅರಿತರು. ಪ್ರತಿ ನಕಲಿನಲ್ಲೂ ತನ್ನ ರೂಪವನ್ನು ಬದಲಿಸಿಕೊಳ್ಳುವ ವೈರಸ್ಸುಗಳು 1990ರಿಂದಲೇ ಕಾಣಿಸಿಕೊಂಡವು. 1998ರಲ್ಲಿ ತೈವಾನಿನ ವಿದ್ಯಾರ್ಥಿ ಚೆನ್ ಇಂಗ್-ಹೌ ಬರೆದ ಸಿಐಎಚ್ ಇವೆಲ್ಲಕ್ಕಿಂತ ಕ್ರೂರವಾಗಿತ್ತು. ಆಂಟಿವೈರಸ್ ಕಂಪನಿಗಳು ತಮ್ಮ ಸಾಮರ್ಥ್ಯದ ಬಗ್ಗೆ ಕೊಚ್ಚಿಕೊಳ್ಳುವುದನ್ನು ಕಂಡು ಅದಕ್ಕೆ ಸವಾಲಾಗಿ ಬರೆದೆನೆಂದು ಆತ ಹೇಳಿದ. ಕಡತಗಳೊಳಗಿನ ಖಾಲಿ ಜಾಗಗಳಲ್ಲಿ ಚೂರುಚೂರಾಗಿ ಅಡಗುತ್ತಿದ್ದುದರಿಂದ ಕಡತದ ಗಾತ್ರವೂ ಹೆಚ್ಚುತ್ತಿರಲಿಲ್ಲ. 1999ರ ಏಪ್ರಿಲ್ 26ರಂದು ಏಷ್ಯದ ಅನೇಕ ದೇಶಗಳಲ್ಲಿ ಬೆಳಗ್ಗೆ ಸ್ವಿಚ್ ಒತ್ತಿದವರ ಹಾರ್ಡ್ ಡಿಸ್ಕಿನ ಮಾಹಿತಿಯನ್ನು ಅದು ಅಳಿಸಿತು. ಕೆಲವು ಯಂತ್ರಗಳಲ್ಲಿ ಚಾಲೂ ಆಗುವ ಸೂಚನೆಗಳಿರುವ ಚಿಪ್ಪಿನ ಬರಹವನ್ನೇ ಕೆಡಿಸಿ, ಇಡೀ ಯಂತ್ರವನ್ನು ತಗಡಿನ ಡಬ್ಬಿಯಾಗಿಸಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಸಿಐಎಚ್ ಅಂದು ಹೊಸದಾಗಿರಲಿಲ್ಲ. ಅದರ ಗುರುತು ಹಿಂದಿನ ವರ್ಷವೇ ಪಟ್ಟಿಗಳಿಗೆ ಸೇರಿತ್ತು. ಆ ಬೆಳಗ್ಗೆ ಯಂತ್ರ ಕಳೆದುಕೊಂಡವರಲ್ಲಿ ಆಂಟಿವೈರಸ್ ಇಲ್ಲದವರಿದ್ದಂತೆ, ಇದ್ದೂ ಪಟ್ಟಿಯನ್ನು ಹೊಸದುಗೊಳಿಸದವರೂ ಇದ್ದರು.

ಹೊತ್ತಿಗೆ ಇಂಟರ್ನೆಟ್ ಬಂದಿತ್ತು. ನಮ್ಮಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆ ಸಾರ್ವಜನಿಕರಿಗೆ ಸಂಪರ್ಕ ಕೊಟ್ಟದ್ದು 1995ರ ಆಗಸ್ಟ್ 15ರಂದು. ಟೆಲಿಫೋನ್ ತಂತಿಯ ಮೂಲಕ, ಕರೆಯ ಲೆಕ್ಕದಲ್ಲಿ ದುಡ್ಡು ತೆತ್ತು ಪಡೆಯುವ ನಿಧಾನದ ಸಂಪರ್ಕ ಅದು. ಪಟ್ಟಿಯನ್ನು ಇಳಿಸಿಕೊಳ್ಳಲು ಬಹಳ ಹೊತ್ತು ಕಾಯಬೇಕಾಗಿತ್ತು. ಕಳ್ಳನಿಗೆ ಮಾತ್ರ ಅಷ್ಟು ಹೊತ್ತು ಬೇಕಾಗಿರಲಿಲ್ಲ. 2000ದ ಮೇ 4ರಂದು ಮನಿಲಾದಿಂದ ಹೊರಟ 'ಐ ಲವ್ ಯೂ' ಎಂಬ ಹುಳು ಪ್ರೇಮಪತ್ರದ ವೇಷ ಹಾಕಿಕೊಂಡು, ತೆರೆದವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ತನ್ನನ್ನು ತಾನೇ ರವಾನಿಸಿಕೊಂಡು, ಒಂದೇ ದಿನದಲ್ಲಿ ಜಗತ್ತು ಸುತ್ತಿತು. ಪಟ್ಟಿಗೆ ಅದರ ಹೆಸರು ಸೇರುವ ಹೊತ್ತಿಗೆ ಲಕ್ಷಾಂತರ ಜನ ಅದನ್ನು ತೆರೆದಾಗಿತ್ತು. ಬರೆದ ಒನೆಲ್ ಡಿ ಗುಜ್ಮಾನ್‌ನನ್ನು ಶಿಕ್ಷಿಸಲು ಫಿಲಿಪೈನ್ಸಿನಲ್ಲಿ ಆಗ ಕಾನೂನೇ ಇರಲಿಲ್ಲ. ಅದೇ ವರ್ಷದ ಅಕ್ಟೋಬರ್ 17ರಂದು ಜಾರಿಗೆ ಬಂದ ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆ ಮಾತ್ರ ಅನುಮತಿಯಿಲ್ಲದೆ ಪರರ ಗಣಕಕ್ಕೆ ವೈರಸ್ ಸೇರಿಸುವುದನ್ನು ಹೆಸರಿಸಿಯೇ ತಪ್ಪೆಂದಿತು.

ವೇಗದ ಪರಾಕಾಷ್ಠೆ ಕಂಡದ್ದು 2003ರ ಜನವರಿ 25ರಂದು. 'ಸ್ಲ್ಯಾಮರ್' ಎಂಬ ಹುಳುವಿನ ಗಾತ್ರ ಕೇವಲ 376 ಬೈಟ್. ಈ ಲೇಖನದ ಒಂದು ಪರಿಚ್ಛೇದಕ್ಕಿಂತ ಚಿಕ್ಕದು. ಆರಂಭದಲ್ಲಿ ಎಂಟೂವರೆ ಸೆಕೆಂಡಿಗೊಮ್ಮೆ ಅದರ ಸಂಖ್ಯೆ ಇಮ್ಮಡಿಯಾಯಿತು. ಹತ್ತು ನಿಮಿಷದಲ್ಲಿ, ಅದಕ್ಕೆ ಸಿಕ್ಕಬಹುದಾಗಿದ್ದ ಯಂತ್ರಗಳ ಪೈಕಿ ನೂರಕ್ಕೆ ತೊಂಬತ್ತು ಸಿಕ್ಕಿಬಿದ್ದಿದ್ದವು. ಅದು ಯಾವ ಕಡತವನ್ನೂ ಬರೆಯದೆ ಯಂತ್ರದ ನೆನಪಿನಲ್ಲಷ್ಟೇ ಇರುತ್ತಿದ್ದುದರಿಂದ, ಕಡತಗಳಲ್ಲಿ ಹುಡುಕುವ ಕಾವಲುಗಾರನಿಗೆ ಕಾಣಿಸುತ್ತಲೂ ಇರಲಿಲ್ಲ. ಆದರೆ ಅದು ನುಸುಳಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಆರು ತಿಂಗಳ ಹಿಂದೆ, 2002ರ ಜುಲೈಯಲ್ಲೇ ಬಿಡುಗಡೆ ಮಾಡಿತ್ತು.

ಹೀಗೆ ಅಪ್‌ಡೇಟ್ ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ಕಳ್ಳರ ಪಟ್ಟಿಯನ್ನು ಹೊಸದುಗೊಳಿಸುವುದು ಒಂದು; ಮನೆಯ ಗೋಡೆಯ ಬಿರುಕನ್ನು ಮುಚ್ಚುವುದು, ಅಂದರೆ ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆಗೆ ತೇಪೆ ಹಾಕುವುದು ಇನ್ನೊಂದು. ಮೊದಲನೆಯದಕ್ಕೆ ದುಡ್ಡು ಕೊಟ್ಟವರೂ ಎರಡನೆಯದನ್ನು ಉಚಿತವಾಗಿ ಸಿಕ್ಕಿದರೂ ಮುಂದೂಡುತ್ತಾರೆ. 2017ರ ಮಾರ್ಚ್ 14ರಂದು ಬಂದ ತೇಪೆಯನ್ನು ಹಾಕಿಕೊಂಡಿದ್ದ ಯಂತ್ರಗಳಿಗೆ ಮೇ 12ರಂದು ಹರಡಿದ 'ವಾನಾಕ್ರೈ' ತಾನಾಗಿ ನುಸುಳಲಾಗಲಿಲ್ಲ. ಹಾಕಿಕೊಳ್ಳದವರ ಕಡತಗಳಿಗೆಲ್ಲ ಅದು ಬೀಗ ಜಡಿದು, ಕೀಲಿಗೆ 300 ಡಾಲರು ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ನಿಮ್ಮ ಮನೆಯ ಯಂತ್ರದಲ್ಲಿ ಆಸ್ಪತ್ರೆಯ ದಾಖಲೆಗಳಿರಲಿಕ್ಕಿಲ್ಲ. ಆದರೆ ಅಕ್ಕನ ಮದುವೆಯ ಛಾಯಾಚಿತ್ರಗಳು, ಅಣ್ಣನ ಪ್ರಬಂಧದ ಮೂರು ಅಧ್ಯಾಯಗಳು, ತಾತನ ಪಿಂಚಣಿಯ ಕಾಗದಗಳು ಇದ್ದಾವು. ಬೀಗ ಬಿದ್ದರೆ ಅವಕ್ಕೂ ಬೀಳುತ್ತದೆ.

ಅಪ್‌ಡೇಟಿನ ಬೆಲೆ ಕಳ್ಳರಿಗೆ ಚೆನ್ನಾಗಿ ಗೊತ್ತು. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ 'ಕಾನ್‌ಫಿಕರ್' ಒಳಹೊಕ್ಕ ಮೇಲೆ ಮಾಡಿದ ಮೊದಲ ಕೆಲಸಗಳಲ್ಲೊಂದು, ಆ ಯಂತ್ರ ಆಂಟಿವೈರಸ್ ಕಂಪನಿಗಳ ತಾಣಗಳನ್ನು ತಲಪದಂತೆ ದಾರಿ ಕಟ್ಟುವುದು. ಬೇರೆಲ್ಲ ತಾಣಗಳು ತೆರೆಯುತ್ತವೆ, ಅವು ಮಾತ್ರ ತೆರೆಯವು! ಅದು ಪೆನ್‌ಡ್ರೈವ್ ಮೂಲಕವೂ ಹರಡುತ್ತಿತ್ತು. ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಂಡೊಯ್ದು ಪ್ರಾಜೆಕ್ಟ್ ಮುದ್ರಿಸಿಕೊಂಡು ಬರುತ್ತಿದ್ದ ಒಂದು ಪೀಳಿಗೆಯ ವಿದ್ಯಾರ್ಥಿಗಳಿಗೆ, ಚುಚ್ಚಿದ ಕೂಡಲೇ ತಾನಾಗಿ ಓಡುವ ಈ ಜಾತಿಯ ಉಪದ್ರವ ಚಿರಪರಿಚಿತ. 2011ರಲ್ಲಿ ಮೈಕ್ರೋಸಾಫ್ಟ್ ಒಂದು ಅಪ್‌ಡೇಟಿನ ಮೂಲಕ ಹಳೆಯ ವಿಂಡೋಸ್‌ಗಳಲ್ಲಿ ಆ ಸೌಕರ್ಯವನ್ನೇ ನಿಲ್ಲಿಸಿದ ಮೇಲೆ ಅದು ಬಹುಮಟ್ಟಿಗೆ ಇಳಿಯಿತು.

ಇನ್ನು ಅವಧಿ ಮುಗಿದ ಆಂಟಿವೈರಸ್ಸಿನ ಮಾತು. 2014ರಲ್ಲಿ ಮೈಕ್ರೋಸಾಫ್ಟ್ ತನ್ನ ಭದ್ರತಾ ವರದಿಯಲ್ಲಿ ಇದನ್ನೇ ಪರಿಶೀಲಿಸಿತು. ಆಂಟಿವೈರಸ್ ಚೆನ್ನಾಗಿ ನಡೆಯುತ್ತಿರುವ ಯಂತ್ರಗಳು, ಅದು ಇಲ್ಲವೇ ಇಲ್ಲದ ಯಂತ್ರಗಳು, ಇದ್ದೂ ಅವಧಿ ಮುಗಿದ ಯಂತ್ರಗಳು ಎಂದು ವಿಂಗಡಿಸಿ ಸೋಂಕಿನ ಪ್ರಮಾಣ ನೋಡಿದಾಗ, ಅವಧಿ ಮುಗಿದವುಗಳ ಪಾಡು ಇಲ್ಲದವುಗಳ ಪಾಡಿಗಿಂತ ಹೆಚ್ಚೇನೂ ಉತ್ತಮವಾಗಿರಲಿಲ್ಲ. ಹಳೆಯ ಪಟ್ಟಿ ಅರ್ಧವಾದರೂ ಕಾಯುತ್ತದೆಯೆಂಬ ನಮ್ಮ ಊಹೆ ಇಲ್ಲಿ ನಿಲ್ಲುವುದಿಲ್ಲ. ಹರಡುತ್ತಿರುವುದು ಹಳೆಯ ವೈರಸ್ಸುಗಳಲ್ಲ, ಹೊಸವು. ಜರ್ಮನಿಯ ಎವಿ-ಟೆಸ್ಟ್ ಪ್ರಯೋಗಾಲಯ ತಾನು ದಿನವೊಂದಕ್ಕೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಹೊಸ ಕುತಂತ್ರಾಂಶಗಳನ್ನು ದಾಖಲಿಸುವುದಾಗಿ ಹೇಳಿದೆ. ವೈರಸ್ ಬುಲೆಟಿನ್‌ನ ಓದುಗರು ಟೈಪ್ ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಜಗತ್ತಿನ ಒಟ್ಟು ವೈರಸ್ಸುಗಳೇ ಕೆಲವು ನೂರು! ಇಂದಿನ ಆಂಟಿವೈರಸ್ ಗುರುತುಗಳನ್ನಷ್ಟೇ ನೋಡದೆ ಪ್ರೋಗ್ರಾಮಿನ ನಡತೆಯನ್ನೂ ಗಮನಿಸುತ್ತದೆ, ಅನುಮಾನ ಬಂದರೆ ಕಂಪನಿಯ ಯಂತ್ರಗಳನ್ನು ದೂರದಿಂದಲೇ ವಿಚಾರಿಸುತ್ತದೆ. ಚಂದಾ ನಿಂತರೆ ಆ ವಿಚಾರಣೆಯೂ ನಿಲ್ಲಬಹುದು.

ಅಪ್‌ಡೇಟನ್ನು ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನು ಮರೆಮಾಚಬಾರದು. 2010ರ ಏಪ್ರಿಲ್ 21ರಂದು ಮ್ಯಾಕ್ಅಫಿ ಕಳಿಸಿದ ಹೊಸ ಪಟ್ಟಿಯಲ್ಲಿ ಒಂದು ತಪ್ಪು ನುಸುಳಿ, ವಿಂಡೋಸ್ ಎಕ್ಸ್‌ಪಿಯ ಒಂದು ಮುಖ್ಯ ಕಡತವನ್ನೇ ವೈರಸ್ ಎಂದು ಹಿಡಿಯಿತು. ಯಂತ್ರಗಳು ನಿಂತು ಮತ್ತೆಮತ್ತೆ ಚಾಲೂ ಆಗತೊಡಗಿದವು. ಕಾವಲುಗಾರ ಮನೆಯ ಯಜಮಾನನನ್ನೇ ಕಟ್ಟಿಹಾಕಿದ ಹಾಗೆ. 2024ರ ಜುಲೈ 19ರಂದು ಇದೇ ಬಗೆಯ ಎಡವಟ್ಟು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಯುಕ್ತ ಅಪ್‌ಡೇಟ್ ಹೊರಗಿದ್ದುದು 78 ನಿಮಿಷ ಮಾತ್ರ. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತವು. ಬೆಂಗಳೂರು ಸೇರಿದಂತೆ ನಮ್ಮ ವಿಮಾನ ನಿಲ್ದಾಣಗಳಲ್ಲೂ ಸರದಿಯ ಸಾಲು ಬೆಳೆಯಿತು. ಕೆಲವೆಡೆ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದೇ ವರ್ಷದ ಸೆಪ್ಟೆಂಬರ್ 29ರಿಂದ ಅಮೆರಿಕದ ಸರಕಾರ ರಷ್ಯದ ಕ್ಯಾಸ್ಪರ್‌ಸ್ಕಿ ಕಂಪನಿ ತನ್ನ ದೇಶದ ಗ್ರಾಹಕರಿಗೆ ಅಪ್‌ಡೇಟ್ ಕಳಿಸುವುದನ್ನೇ ನಿಷೇಧಿಸಿತು. ಯಂತ್ರದೊಳಕ್ಕೆ ಕೇಳದೆ ಬಂದು ಹೋಗುವ ಅಧಿಕಾರವನ್ನು ಯಾರಿಗೆ ಕೊಟ್ಟಿದ್ದೇವೆ ಎಂಬ ಪ್ರಶ್ನೆ ಹೀಗೆ ರಾಜಕಾರಣಕ್ಕೂ ಮುಟ್ಟಿದೆ. ಆದರೂ ಲೆಕ್ಕ ಹಾಕಿ ನೋಡಿದರೆ, ಅಪ್‌ಡೇಟಿನಿಂದ ಕೆಟ್ಟ ದಿನಗಳನ್ನು ತಾರೀಖು ಹಾಕಿ ಎಣಿಸಬಹುದು. ಅದು ಇಲ್ಲದೆ ಕೆಟ್ಟ ಯಂತ್ರಗಳ ಎಣಿಕೆ ಇಟ್ಟವರಿಲ್ಲ.

ಈಗ ನಿಮ್ಮ ಮನೆಯ ಯಂತ್ರಕ್ಕೆ ಬರೋಣ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಪರಿಷ್ಕರಣದೊಡನೆ, ಆಂಟಿವೈರಸ್ ಇದೆಯೇ, ಹೊಸದಾಗಿದೆಯೇ ಎಂದು ವಿಂಡೋಸೇ ವಿಚಾರಿಸತೊಡಗಿತು. 2012ರ ವಿಂಡೋಸ್ 8ರಿಂದ ಈಚೆಗೆ 'ಡಿಫೆಂಡರ್' ಎಂಬ ಆಂಟಿವೈರಸ್ ಅದರೊಳಗೇ, ಬೇರೆ ಬೆಲೆಯಿಲ್ಲದೆ, ಬರುತ್ತಿದೆ. ಬೇರೆ ಕಂಪನಿಯದನ್ನು ಹಾಕಿಕೊಂಡರೆ ಡಿಫೆಂಡರ್ ಹಿಂದೆ ಸರಿಯುತ್ತದೆ. ಅನೇಕ ಮನೆಗಳಲ್ಲಿ ತೊಡಕು ಹುಟ್ಟುವುದು ಇಲ್ಲೇ. ಹೊಸ ಗಣಕದೊಡನೆ ಕೆಲವು ದಿನಗಳ ಮಟ್ಟಿಗೆ ಉಚಿತವೆಂದು ಯಾವುದೋ ಆಂಟಿವೈರಸ್ ಬಂದಿರುತ್ತದೆ. ದಿನ ಮುಗಿದ ಮೇಲೆ ಅದು ಕಾಯುವುದೂ ಇಲ್ಲ, ಹೋಗುವುದೂ ಇಲ್ಲ. ಹೊಸ ವಿಂಡೋಸ್‌ಗಳಲ್ಲಿ ಆಗ ಡಿಫೆಂಡರ್ ತಾನೇ ಮುಂದೆ ಬರಬೇಕು. ಬಂದಿದೆಯೇ ಎಂದು ನೋಡುವುದು ನಿಮ್ಮ ಕೆಲಸ. 'ವಿಂಡೋಸ್ ಸೆಕ್ಯುರಿಟಿ' ಎಂಬ ಪುಟವನ್ನು ತೆರೆದರೆ ಕಾಯುತ್ತಿರುವವರು ಯಾರೆಂಬುದು ತಿಳಿಯುತ್ತದೆ. ಡಿಫೆಂಡರ್ ಕಾಯುತ್ತಿದ್ದರೆ ಅದರ ಪಟ್ಟಿ ಯಾವ ದಿನದ್ದೆಂಬುದೂ ಅಲ್ಲೇ ಬರೆದಿರುತ್ತದೆ. ಅವಧಿ ಮುಗಿದದ್ದಕ್ಕೆ ಚಂದಾ ಕಟ್ಟಬಹುದು, ಇಲ್ಲವೇ ಅದನ್ನು ಪೂರ್ತಿಯಾಗಿ ತೆಗೆದು ಡಿಫೆಂಡರ್‌ಗೆ ಜಾಗ ಬಿಡಬಹುದು. ಸಾಮಾನ್ಯ ಮನೆಬಳಕೆಗೆ ಎರಡನೆಯ ದಾರಿಯೇ ಸಾಕೆಂಬುದು ನನ್ನ ಅಭಿಪ್ರಾಯ. ಎರಡು ಪೂರ್ಣ ಆಂಟಿವೈರಸ್‌ಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದು ಮಾತ್ರ ಬೇಡ. ಒಂದನ್ನೊಂದು ಅನುಮಾನಿಸುತ್ತ ಯಂತ್ರವನ್ನು ಕುಂಟಿಸುತ್ತವೆ. ಭಾರತ ಸರಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರವೂ ಸೋಂಕು ತೆಗೆಯುವ ಸಾಧನಗಳನ್ನು ಉಚಿತವಾಗಿ ಒದಗಿಸುವ ಏರ್ಪಾಡು ಮಾಡಿತು.

ಇಷ್ಟಾದರೂ ಒಂದು ಎಚ್ಚರ ಬೇಕು. ಅವಧಿ ಮುಗಿದಿದೆಯೆಂದು ಹೇಳುವ ಎಚ್ಚರಿಕೆಯೇ ಸುಳ್ಳಾಗಿರಬಹುದು. ಇಂಟರ್ನೆಟ್ ನೋಡುತ್ತಿರುವಾಗ ಕೆಂಪು ಬಣ್ಣದಲ್ಲಿ ಹಾರಿ ಬಂದು, ಗಂಟೆ ಬಾರಿಸಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ, ಇಲ್ಲಿ ದುಡ್ಡು ಕಟ್ಟಿ ಎನ್ನುವ ಪುಟಗಳು ಪ್ರಸಿದ್ಧ ಕಂಪನಿಗಳ ಲಾಂಛನವನ್ನೇ ಕದ್ದು ಹಾಕಿಕೊಂಡಿರುತ್ತವೆ. ಚಂದಾ ಹಣ ಖಾತೆಯಿಂದ ಕಡಿತವಾಗಿದೆಯೆಂದು ಹೆದರಿಸುವ ಇ-ಮೇಲ್‌ಗಳೂ ಬರುತ್ತವೆ. ನಲವತ್ತು ವರ್ಷಗಳಿಂದ ಜನರ ಮನಸ್ಸಿನಲ್ಲಿ ಕೂತ ಭಯವೇ ಇವರ ಬಂಡವಾಳ. ನಿಜವಾದ ಸ್ಥಿತಿಯನ್ನು ಆ ಚೌಕದಲ್ಲಿ ಒತ್ತಿ ತಿಳಿಯಬೇಡಿ. ಯಂತ್ರದ ಸೆಟಿಂಗ್ಸ್‌ನೊಳಗೆ ಹೋಗಿ ನೀವೇ ನೋಡಿ. ನವೀಕರಿಸುವುದಿದ್ದರೆ ಕಂಪನಿಯ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ.

ಗೋಡೆಯ ಮಾತು ಉಳಿಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ತೇಪೆಗಳ ಗಡುವನ್ನು ಕಂಪನಿ 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಿತು. ಡಿಫೆಂಡರ್‌ನ ಪಟ್ಟಿಗೆ ಮಾತ್ರ 2028ರ ಅಕ್ಟೋಬರಿನವರೆಗೆ ಹೊಸ ಗುರುತುಗಳನ್ನು ಕಳಿಸುವುದಾಗಿ ಹೇಳಿತು. ನಿಮ್ಮ ಮನೆಯ ಯಂತ್ರ ವಿಂಡೋಸ್ 10ರಲ್ಲಿ ನಡೆಯುತ್ತಿದ್ದರೆ ಈ ಎರಡು ತಾರೀಖುಗಳ ವ್ಯತ್ಯಾಸವನ್ನು ಗಮನಿಸಿ: ಮೊದಲನೆಯದು ದಾಟಿದ ಮೇಲೆ ಕಾವಲುಗಾರನ ಕೈಯಲ್ಲಿ ಹೊಸ ಭಾವಚಿತ್ರಗಳಿದ್ದರೂ ಅವನ ಬೆನ್ನ ಹಿಂದಿನ ಗೋಡೆಯ ಬಿರುಕುಗಳು ತೆರೆದೇ ಇರುತ್ತವೆ.